ಪಾದದ ಬಾವು: ಎಕ್ಸ್‌ರೇ ನಾರ್ಮಲ್ ಬಂದ ಮೇಲೆ

"ಪಾದ ಊದಿದೆ, ಎಕ್ಸ್‌ರೇ ನಾರ್ಮಲ್" ಎಂಬ ಚೀಟಿ ಹಿಡಿದು ಬರುವವರಲ್ಲಿ ಬಹಳಷ್ಟು ಮಂದಿಗೆ ಅಷ್ಟರಲ್ಲಾಗಲೇ ಒಂದೆರಡು ಕೋರ್ಸ್ ಆ್ಯಂಟಿಬಯಾಟಿಕ್ ಮುಗಿದಿರುತ್ತದೆ. ಕೆಲವರಿಗೆ ಮೈನರ್ ಓಟಿಯಲ್ಲಿ (ಸಣ್ಣ ಆಪರೇಷನ್ ಕೋಣೆಯಲ್ಲಿ) ಸಣ್ಣದಾಗಿ ಕೊಯ್ದು ನೋಡಿದ್ದೂ ಆಗಿರುತ್ತದೆ. ಎಕ್ಸ್‌ರೇ ಮುಖ್ಯವಾಗಿ ಮೂಳೆಯ ಸುದ್ದಿ ಹೇಳುತ್ತದೆ, ಅದನ್ನೂ ತಡವಾಗಿ ಹೇಳುತ್ತದೆ. ಊದಿರುವುದು ಚರ್ಮವೋ, ಕೊಬ್ಬಿನ ಪದರವೋ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ನಿನ ಪೊರೆಯೋ, ಕೀಲಿನ ಒಳಪೊರೆಯೋ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಸಿಗುವ ಮೊದಲು ಚಾಕು ಹಾಕಬಾರದು ಎಂಬುದು ನನ್ನ ತಕರಾರು.

ಮೊದಲು, ಎಕ್ಸ್‌ರೇ, ಎಂಆರ್‌ಐ ತೆಗೆಯುವ ನಮ್ಮ ಕೋಣೆಗೆ ಬರಬೇಕಿಲ್ಲದವರು. ಎರಡೂ ಪಾದ ಸಮನಾಗಿ ಊದಿ, ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿದ್ದರೆ ಹೃದಯ, ಕಿಡ್ನಿ, ಲಿವರ್, ಥೈರಾಯ್ಡ್ ನೋಡಿ. ಬಿಪಿಗೆ ಆಮ್ಲೋಡಿಪಿನ್ ನುಂಗುತ್ತಿದ್ದಾರಾ ಎಂದು ಕೇಳಿ. ಒಂದೇ ಕಾಲು, ಮೀನಖಂಡದ ಸಮೇತ ಊದಿದ್ದರೆ ಬೇಕಾದದ್ದು ರಕ್ತದ ಹರಿವು ತೋರಿಸುವ ರಕ್ತನಾಳದ ಡಾಪ್ಲರ್ ಸ್ಕ್ಯಾನ್, ಅದೂ ಅದೇ ದಿನ. ಕಲಬುರಗಿ, ಬೀದರ್, ಯಾದಗಿರಿ ಅಥವಾ ಕರಾವಳಿಯವರಾದರೆ ಆನೆಕಾಲು ನೆನಪಿರಲಿ. ಕಾಲಿನ ಎರಡನೇ ಬೆರಳಿನ ಬುಡದ ಚರ್ಮವನ್ನು ಚಿವುಟಿ ಮೇಲೆತ್ತಲು ಆಗದಿದ್ದರೆ ಅದು ದುಗ್ಧರಸ ನಿಂತು ಬಂದ ಬಾವು. ಅದಕ್ಕೆ ಸ್ಕ್ಯಾನಿಗಿಂತ ಆ ಚಿವುಟುವಿಕೆಯೇ ಒಳ್ಳೆಯ ಪರೀಕ್ಷೆ.

ಉಳಿದವರಿಗೆ ಎಕ್ಸ್‌ರೇಯಿಂದಲೇ ಆರಂಭ, ಆದರೆ ಸರಿಯಾಗಿ ತೆಗೆಯಬೇಕು. ಮೇಲಿನಿಂದ ಒಂದು, ಓರೆಯಾಗಿ ಒಂದು, ಪಕ್ಕದಿಂದ ಒಂದು, ಹೀಗೆ ಮೂರು. ರೋಗಿಗೆ ನಿಲ್ಲಲು ಆಗುವುದಾದರೆ ನಿಲ್ಲಿಸಿಯೇ ತೆಗೆಯಿರಿ. ಪಾದದ ನಡುಭಾಗದ ಕಟ್ಟು ಹರಿದಿದ್ದರೆ ಮೊದಲ ಮತ್ತು ಎರಡನೇ ಮೆಟಟಾರ್ಸಲ್‌ಗಳ (ಬೆರಳುಗಳ ಹಿಂದಿನ ಉದ್ದ ಮೂಳೆಗಳ) ಬುಡದ ನಡುವಿನ ಸಂದು 2 ಮಿಮೀಗಿಂತ ಹೆಚ್ಚಾಗುತ್ತದೆ. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಆ ಸಂದು ಮುಚ್ಚಿಕೊಂಡು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು, ಪ್ರಿಂಟ್ ಹಾಕಿದ ಫಿಲ್ಮ್ ಮೂಳೆಗೆ ಹೊಂದಿಸಿದ್ದು. ಅದರಲ್ಲಿ ಚರ್ಮ, ಕೊಬ್ಬು ಎಲ್ಲ ಕಪ್ಪಾಗಿ ಮುಳುಗಿಹೋಗಿರುತ್ತದೆ. ಬಾವಿನ ಪ್ರಶ್ನೆಯಿದ್ದರೆ ಮಾನಿಟರ್ ಮುಂದೆ ಕೂತು ವಿಂಡೋ (ಕಪ್ಪು-ಬಿಳುಪಿನ ಹೊಂದಾಣಿಕೆ) ಬದಲಿಸಿ ನೋಡಿ. ಹಿಮ್ಮಡಿಯ ಟೆಂಡನ್ ಮುಂದಿರುವ ಕೊಬ್ಬಿನ ತ್ರಿಕೋನ ಮಸುಕಾಗಿದೆಯೇ, ಚರ್ಮದಡಿ ಗಾಳಿಯ ಗುಳ್ಳೆ ಇದೆಯೇ, ಅಕ್ಕಿಕಾಳಿನಷ್ಟು ಸುಣ್ಣದ ಚುಕ್ಕೆ ಇದೆಯೇ ಎಂಬುದೆಲ್ಲ ಆಗ ತಿಳಿಯುತ್ತದೆ.

ಸುಣ್ಣದ ಚುಕ್ಕೆ ಎಂದಾಗ ಒಂದು ಎಚ್ಚರಿಕೆ. ನಮ್ಮಲ್ಲಿ ಉಳುಕಿದ ಕಾಲಿಗೆ ಸುಣ್ಣ-ಬೆಲ್ಲ ಹಚ್ಚುವುದು ಈಗಲೂ ಉಂಟು. ಒಣಗಿ ಚರ್ಮಕ್ಕೆ ಅಂಟಿಕೊಂಡ ಆ ಸುಣ್ಣ ಎಕ್ಸ್‌ರೇಯಲ್ಲಿ ಬೆಳ್ಳಗೆ ಬೀಳುತ್ತದೆ, ಒಳಗೇ ಸುಣ್ಣ ಕಟ್ಟಿದೆಯೇನೋ ಎನ್ನುವ ಹಾಗೆ. ಜಿಂಕ್ ಇರುವ ಮುಲಾಮೂ ಹಾಗೆಯೇ. ಅದು ಯಾವುದೋ ಒಂದು ಕೋನದಲ್ಲಿ ಚರ್ಮದ ಗೆರೆಗೆ ಸರಿಯಾಗಿ ಕೂತಿರುತ್ತದೆ, ಇನ್ನೊಂದು ಕೋನದಲ್ಲಿ ಒಳಗೆ ತೇಲುತ್ತಿರುವಂತೆ ಕಾಣುತ್ತದೆ; ಒಂದೇ ಫಿಲ್ಮ್ ನೋಡಿ ವರದಿ ಬರೆದರೆ ಸಿಕ್ಕಿಬೀಳುವುದು ಖಚಿತ. ಸೋಪು ಹಚ್ಚಿ ತೊಳೆಸಿ ಮತ್ತೆ ತೆಗೆಯಿರಿ. ಕಾಲುಂಗುರ, ಕಾಲ್ಗೆಜ್ಜೆಗಳನ್ನೂ ಮೊದಲೇ ಬಿಚ್ಚಿಸಿ. ಎರಡನೇ ಬೆರಳಿನ ಬುಡವನ್ನು ಕಾಲುಂಗುರ ಪೂರ್ತಿ ಮರೆಮಾಡುತ್ತದೆ. ಎಂಆರ್‌ಐಯಲ್ಲಂತೂ ಬೆಳ್ಳಿಗೆ ಬೆರೆಸಿದ ಬೇರೆ ಲೋಹದಿಂದ ಸುತ್ತಲಿನ ಚಿತ್ರವೇ ಹಾಳಾಗುತ್ತದೆ, ಉಂಗುರ ಬಿಸಿಯೂ ಆಗಬಹುದು. ಬೆರಳು ಊದಿ ಉಂಗುರ ಬರದಿದ್ದರೆ ಕಾಲನ್ನು ಸ್ವಲ್ಪ ಹೊತ್ತು ಎತ್ತಿ ಇಡಿ, ದಪ್ಪ ದಾರವನ್ನು ಬೆರಳಿಗೆ ಒತ್ತೊತ್ತಾಗಿ ಸುತ್ತಿ ಒಂದು ತುದಿಯನ್ನು ಉಂಗುರದಡಿಯಿಂದ ತೂರಿಸಿ ಬಿಚ್ಚುತ್ತಾ ಬನ್ನಿ, ಹೆಚ್ಚಿನವು ಬರುತ್ತವೆ.

ಈಗ ಮುಳ್ಳಿನ ವಿಷಯ. ಅಂಗಾಲಿನಲ್ಲಿ ವಾಸಿಯಾಗದೆ ಉಳಿದ ಬಾವು ಎಂದರೆ ಹಳ್ಳಿಯ ಕಡೆಯವರಲ್ಲಿ ಮೊದಲ ಅನುಮಾನ ಒಳಗೆ ಮುರಿದು ಕೂತ ಬಳ್ಳಾರಿ ಜಾಲಿ, ಈಚಲು ಮುಳ್ಳು ಅಥವಾ ಬಿದಿರಿನ ಸಿಬಿರು. ಗಾಜು ಎಕ್ಸ್‌ರೇಯಲ್ಲಿ ಕಾಣುತ್ತದೆ. 'ಗಾಜು ಕಾಣುವುದಿಲ್ಲ' ಎಂಬ ನಂಬಿಕೆ ವೈದ್ಯರಲ್ಲೂ ಇದೆ, ಅದು ತಪ್ಪು. ಸಾಮಾನ್ಯವಾಗಿ ಕಾಣದಿರುವುದು ಮುಳ್ಳು ಮತ್ತು ಕಟ್ಟಿಗೆ. ಅವುಗಳ ಸಾಂದ್ರತೆ ಸುತ್ತಲಿನ ಮಾಂಸದ್ದಕ್ಕೆ ಹತ್ತಿರ, ನೀರು ಹೀರಿಕೊಂಡ ಮೇಲಂತೂ ವ್ಯತ್ಯಾಸವೇ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಅಲ್ಟ್ರಾಸೌಂಡ್ ಬೇಕು, ಅದೂ ಹೊಟ್ಟೆ ನೋಡುವ ಪ್ರೋಬ್ (ಚರ್ಮದ ಮೇಲಿಟ್ಟು ಸರಿಸುವ ಭಾಗ) ಅಲ್ಲ, 12 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ, ಚಪ್ಪಟೆ ಮುಖದ ಲೀನಿಯರ್ ಪ್ರೋಬ್.

ಬರಿಗಾಲಲ್ಲಿ ನಡೆಯುವವರ ಅಂಗಾಲಿನ ಚರ್ಮ ದಪ್ಪ, ಒಣಕಲು. ಬಿರುಕುಗಳಲ್ಲಿ ಗಾಳಿ ನಿಂತಿರುತ್ತದೆ, ಗಾಳಿ ಇದ್ದಲ್ಲಿ ಶಬ್ದದ ಅಲೆ ಒಳಗೆ ಹೋಗುವುದಿಲ್ಲ. ಹತ್ತು-ಹದಿನೈದು ನಿಮಿಷ ಬೆಚ್ಚಗಿನ ನೀರಿನಲ್ಲಿ ಪಾದ ಇಡಿಸಿ, ಒರೆಸಿ, ಧಾರಾಳವಾಗಿ ಜೆಲ್ ಹಾಕಿ. ಡೆಪ್ತ್ (ಪರದೆಯಲ್ಲಿ ಕಾಣುವ ಆಳ) 2ರಿಂದ 3 ಸೆಂಮೀಗೆ ಇಳಿಸಿ. ಪ್ರೋಬನ್ನು ಒತ್ತಬೇಡಿ, ಒತ್ತಿದರೆ ಮುಳ್ಳಿನ ಸುತ್ತ ಇರುವ ತೆಳು ಕೀವಿನ ಪದರ ಪಕ್ಕಕ್ಕೆ ಸರಿದು ಕಾಣೆಯಾಗುತ್ತದೆ. ಉದ್ದುದ್ದ ಒಮ್ಮೆ, ಅಡ್ಡಡ್ಡ ಒಮ್ಮೆ ನಿಧಾನಕ್ಕೆ ಸರಿಸುತ್ತಾ ಹೋಗಿ. ಅಡ್ಡಕ್ಕೆ ಸಿಕ್ಕ ಮುಳ್ಳು ಬರೀ ಒಂದು ಬಿಳಿ ಚುಕ್ಕೆ. ಪ್ರೋಬನ್ನು ಆ ಚುಕ್ಕೆಯ ಮೇಲೇ ತಿರುಗಿಸುತ್ತಾ ಹೋದರೆ ಯಾವುದೋ ಒಂದು ಕೋನದಲ್ಲಿ ಅದು ಗೆರೆಯಾಗಿ ಎಳೆದುಕೊಳ್ಳುತ್ತದೆ, ಹಿಂದೆ ಕಪ್ಪು ನೆರಳು ಬೀಳುತ್ತದೆ. ಚುಚ್ಚಿ ಒಂದೆರಡು ದಿನ ಕಳೆದಿದ್ದರೆ ಸುತ್ತ ಕಪ್ಪು ಅಂಚು ಕಟ್ಟಿರುತ್ತದೆ, ಡಾಪ್ಲರ್ ಹಾಕಿದರೆ ಆ ಅಂಚಿನಲ್ಲಿ ರಕ್ತದ ಹರಿವು ಕಾಣುತ್ತದೆ. ಗಾಜು ಮತ್ತು ಲೋಹದ ಹಿಂದೆ ನೆರಳಿನ ಬದಲು ಸಾಲುಸಾಲು ಬಿಳಿ ಗೆರೆಗಳು ಬೀಳುವುದುಂಟು.

ಎಡವುವುದು ಎಲ್ಲಿ? ಮೊದಲನೆಯದು, ಆಗಲೇ ಕೊಯ್ದು ಹುಡುಕಿರುವ ಪಾದ. ಒಳಹೊಕ್ಕ ಗಾಳಿಯ ಗುಳ್ಳೆಗಳೆಲ್ಲ ಮುಳ್ಳಿನಂತೆಯೇ ಬಿಳಿ ಚುಕ್ಕೆಗಳಾಗಿ ಹೊಳೆಯುತ್ತವೆ, ಅವುಗಳ ಹಿಂದಿನ ನೆರಳು ಮಾತ್ರ ಕಲಸಿದ ಹಾಗೆ ಬೂದು ಬಣ್ಣಕ್ಕಿರುತ್ತದೆ. ಸ್ಕ್ಯಾನ್ ಮೊದಲು, ಕೊಯ್ಯುವುದು ಆಮೇಲೆ ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ. ಎರಡನೆಯದು, ಹೆಬ್ಬೆರಳ ಬುಡದಡಿ ಇರುವ ಸೆಸಮಾಯ್ಡ್ ಎಂಬ ಎರಡು ಪುಟ್ಟ ಮೂಳೆಗಳು; ಅವೇ ಮುಳ್ಳೆಂದು ತೋರಬಹುದು. ಇನ್ನೊಂದು ಪಾದವನ್ನೂ ನೋಡಿದರೆ ಗೊಂದಲ ಬಗೆಹರಿಯುತ್ತದೆ. ವರದಿಯಲ್ಲಿ 'ಮುಳ್ಳು ಇದೆ' ಎಂದರೆ ಸರ್ಜನ್‌ಗೆ ಏನೂ ಹೇಳಿದಂತಾಗುವುದಿಲ್ಲ. ಎಷ್ಟು ಉದ್ದ, ಚರ್ಮದಿಂದ ಎಷ್ಟು ಮಿಮೀ ಆಳ, ಯಾವ ದಿಕ್ಕಿಗೆ ಚುಚ್ಚಿಕೊಂಡಿದೆ, ಟೆಂಡನ್ನಿಗೆ ಅಥವಾ ಕೀಲಿಗೆ ತಾಗಿದೆಯೇ, ಇಷ್ಟನ್ನೂ ಬರೆಯಿರಿ. ಓಟಿಯಲ್ಲಿ ಪಾದ ಹೇಗೆ ಇಡುತ್ತಾರೋ ಹಾಗೇ ಇಟ್ಟು ಚರ್ಮದ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ; ಪಾದ ತಿರುಗಿದರೆ ಗುರುತೂ ಜಾರುತ್ತದೆ. ಈಚಲು ಮುಳ್ಳು ಕೀಲಿನೊಳಗೆ ಮುರಿದರೆ ತಿಂಗಳುಗಟ್ಟಲೆ ಕೀಲು ಊದಿರುತ್ತದೆ, ಕೆಲವೊಮ್ಮೆ ಪಕ್ಕದ ಮೂಳೆಯಲ್ಲಿ ಗಡ್ಡೆಯನ್ನು ಹೋಲುವ ತೂತೂ ಬೀಳುತ್ತದೆ. ಆಗ ಎಂಆರ್‌ಐ ಮಾಡಿಸಿದರೆ ಸುತ್ತಲಿನ ಬಾವು ಚೆನ್ನಾಗಿ ಕಾಣುತ್ತದೆ, ಮುಳ್ಳು ಮಾತ್ರ ಸಣ್ಣ ಕಪ್ಪು ಗೆರೆಯಾಗಿ ಅಡಗಿಬಿಡುತ್ತದೆ.

ವರ್ಷಗಳಿಂದ ನೋವಿಲ್ಲದೆ ಗಟ್ಟಿಯಾಗಿ ಊದಿದ ಪಾದ, ಅಲ್ಲಲ್ಲಿ ಸೋರುವ ತೂತು, ಸೋರಿದ್ದರಲ್ಲಿ ರವೆಯಂಥ ಕಾಳು ಬಂದರೆ ಮೈಸಿಟೋಮಾ, ಅಂದರೆ ಮಧುರಾ ಪಾದ. 1842ರಲ್ಲಿ ಮಧುರೈಯಲ್ಲಿ ಜಾನ್ ಗಿಲ್ ಇದನ್ನು ವರದಿ ಮಾಡಿದರು, ಊರಿನ ಹೆಸರು ಹಾಗೆ ಅಂಟಿಕೊಂಡಿತು. ಮೈಸಿಟೋಮಾ ಎಂಬ ಹೆಸರು 1860ರಲ್ಲಿ ಹೆನ್ರಿ ವ್ಯಾಂಡೈಕ್ ಕಾರ್ಟರ್ ಕೊಟ್ಟದ್ದು. ಇಷ್ಟು ಹಳೆಯ ಕಾಯಿಲೆ ವಿಶ್ವ ಆರೋಗ್ಯ ಸಂಸ್ಥೆಯ ಕಡೆಗಣಿತ ಕಾಯಿಲೆಗಳ ಪಟ್ಟಿಗೆ ಸೇರಿದ್ದು 2016ರಲ್ಲಿ! ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಬರುವ ಕಾಯಿಲೆ, ಅವರ ಪರವಾಗಿ ಗಲಾಟೆ ಮಾಡುವವರು ಕಡಿಮೆ.

ಇದರಲ್ಲಿ ಎರಡು ಬಗೆ. ಶಿಲೀಂಧ್ರದಿಂದ ಬಂದದ್ದು ಒಂದು, ಬ್ಯಾಕ್ಟೀರಿಯಾದಿಂದ ಬಂದದ್ದು ಇನ್ನೊಂದು. ಎರಡರ ಔಷಧಿ ಬೇರೆಬೇರೆ. ಒಂದಕ್ಕೆ ತಿಂಗಳುಗಟ್ಟಲೆ ಇಟ್ರಾಕೊನಜೋಲ್, ಜೊತೆಗೆ ಬಹುತೇಕ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಕೋಟ್ರೈಮಾಕ್ಸಜೋಲ್, ಅಮಿಕಾಸಿನ್. ಕರಿ ಕಾಳು ಬಂದರೆ ಶಿಲೀಂಧ್ರ, ಕೆಂಪು ಕಾಳು ಬಂದರೆ ಬ್ಯಾಕ್ಟೀರಿಯಾ. ಬಿಳಿ ಅಥವಾ ಹಳದಿ ಬಂದರೆ ಎರಡೂ ಇರಬಹುದು. ಎಂಆರ್‌ಐಯ ಟಿ2 ಚಿತ್ರದಲ್ಲಿ (ನೀರಿನಂಶ ಬೆಳ್ಳಗೆ ಕಾಣುವ ಬಗೆ) 2ರಿಂದ 5 ಮಿಮೀ ಅಳತೆಯ ಬಿಳಿ ಗುಂಡುಗಳು ಗುಂಪುಗುಂಪಾಗಿ ಕಾಣುತ್ತವೆ. ಪ್ರತಿಯೊಂದರ ಸುತ್ತ ಕಪ್ಪು ಅಂಚು, ಕೆಲವದರ ನಡುವೆ ಒಂದು ಕಪ್ಪು ಚುಕ್ಕೆ. ಬಿಳಿ ಭಾಗ ಬಾವಿನ ಅಂಗಾಂಶ, ಅಂಚು ನಾರು, ನಡುವಿನ ಚುಕ್ಕೆಯೇ ಆ ಕಾಳು. ಇದು ಕಂಡರೆ ಬೇರೆ ಕಾಯಿಲೆ ಯೋಚಿಸುವ ಕೆಲಸ ಬಹಳ ಮಟ್ಟಿಗೆ ಮುಗಿಯಿತು. ಆದರೆ 5 ಮಿಮೀ ದಪ್ಪದ ಸ್ಲೈಸ್ ತೆಗೆದರೆ ಚುಕ್ಕೆ ಸರಾಸರಿಯಲ್ಲಿ ಕರಗಿಹೋಗುತ್ತದೆ. 3 ಮಿಮೀಗಿಂತ ದಪ್ಪ ಬೇಡ. ಯಾವ ಬಗೆ ಎಂದು ಎಂಆರ್‌ಐ ಖಚಿತವಾಗಿ ಹೇಳುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆಯ ತೂತುಗಳು ದೊಡ್ಡವಾಗಿ, ಕೆಲವೇ ಇದ್ದರೆ ಶಿಲೀಂಧ್ರದ ಕಡೆ ವಾಲಬಹುದು. ಸಣ್ಣಸಣ್ಣ, ಅನೇಕ ಇದ್ದರೆ ಬ್ಯಾಕ್ಟೀರಿಯಾದ ಕಡೆ. ಅದೂ ವಾಲುವಿಕೆ ಅಷ್ಟೇ. ಖಚಿತಪಡಿಸುವುದು ಪ್ರಯೋಗಾಲಯ.

ಎಲ್ಲಕ್ಕಿಂತ ಹೆಚ್ಚು ಪಾದಗಳು ಹಾಳಾಗುವುದು ಮಾತ್ರ ಸಕ್ಕರೆ ಕಾಯಿಲೆಯವರಲ್ಲಿ. ಸ್ಪರ್ಶ ಕಳೆದುಕೊಂಡ ಪಾದ ಒಂದು ದಿನ ಕೆಂಪಾಗಿ, ಬಿಸಿಯಾಗಿ ಊದುತ್ತದೆ. ಗಾಯವಿಲ್ಲ, ಜ್ವರವಿಲ್ಲ, ನೋವೂ ಅಷ್ಟಕ್ಕಷ್ಟೆ. ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಸೋಂಕು ಎಂದು ಆ್ಯಂಟಿಬಯಾಟಿಕ್ ಶುರುವಾಗುತ್ತದೆ, ರೋಗಿ ಅದೇ ಕಾಲಲ್ಲಿ ಓಡಾಡಿಕೊಂಡಿರುತ್ತಾರೆ. ಮೂರು-ನಾಲ್ಕು ವಾರದಲ್ಲಿ ಪಾದದ ಕಮಾನು ಕುಸಿದು ಅಂಗಾಲು ದೋಣಿಯ ತಳದ ಹಾಗೆ ಉಬ್ಬಿರುತ್ತದೆ. ಇದು ಶಾರ್ಕೋ ಪಾದ. ಸಕ್ಕರೆ ಕಾಯಿಲೆಗೂ ಇದಕ್ಕೂ ಇರುವ ನಂಟನ್ನು ವಿಲಿಯಂ ಜೋರ್ಡಾನ್ 1936ರಲ್ಲೇ ತೋರಿಸಿದ್ದಾರೆ.

ಮೊದಲ ಹಂತದಲ್ಲಿ ಎಕ್ಸ್‌ರೇ ನಾರ್ಮಲ್ ಇರುತ್ತದೆ. ಎರಡೂ ಪಾದದ ಚರ್ಮದ ಬಿಸಿ ಅಳೆದು 2 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ವ್ಯತ್ಯಾಸವಿದ್ದರೆ, ಕಾಲನ್ನು ಕೆಲವು ನಿಮಿಷ ಎತ್ತಿ ಹಿಡಿದಾಗ ಕೆಂಪು ಇಳಿದರೆ, ಶಾರ್ಕೋ ಎಂದೇ ಹಿಡಿದು ಕಾಲಿನ ಮೇಲೆ ಭಾರ ಬೀಳದಂತೆ ಮಾಡಿ; ಎಂಆರ್‌ಐ ದಿನಾಂಕ ಸಿಗುವವರೆಗೂ ನಡೆಸಬೇಡಿ. ಎಂಆರ್‌ಐಯಲ್ಲಿ ಪಾದದ ನಡುಭಾಗದ ಹಲವು ಮೂಳೆಗಳ ಮಜ್ಜೆ ಕೀಲುಗಳ ಅಕ್ಕಪಕ್ಕ, ಕೊಬ್ಬನ್ನು ಅಳಿಸಿ ತೋರಿಸುವ ಸ್ಟಿರ್ ಚಿತ್ರದಲ್ಲಿ, ಬೆಳ್ಳಗೆ ಹೊಳೆಯುತ್ತದೆ.

ಮೂಳೆಯ ಸೋಂಕಿನಲ್ಲೂ ಮಜ್ಜೆ ಹೊಳೆಯುತ್ತದಲ್ಲ, ಹಾಗಾದರೆ ವ್ಯತ್ಯಾಸ ಹೇಗೆ? ಜಾಗ ನೋಡಿ. ಸೋಂಕು ಹೆಚ್ಚಾಗಿ ಚರ್ಮದ ಗಾಯದಿಂದ ಒಳಗಿಳಿಯುತ್ತದೆ. ಆದ್ದರಿಂದ ಅದು ಬರುವುದು ಭಾರ ಒತ್ತುವ ಕಡೆ, ಅಂದರೆ ಮೆಟಟಾರ್ಸಲ್ ತಲೆ, ಬೆರಳ ತುದಿ, ಹಿಮ್ಮಡಿ. ಗಾಯದಿಂದ ಮೂಳೆಯವರೆಗೆ ಒಂದು ದಾರಿ ಸಿಕ್ಕೇ ಸಿಗುತ್ತದೆ, ಹುಡುಕಿ. ಟಿ1 ಚಿತ್ರದಲ್ಲಿ ಮಜ್ಜೆಯ ಕೊಬ್ಬು ಬೆಳ್ಳಗಿರಬೇಕು. ಅದು ಒಂದೇ ಹರವಾಗಿ ಕಪ್ಪಾಗಿದ್ದರೆ ಸೋಂಕಿನ ಕಡೆ ತೂಕ ಹೆಚ್ಚು. ಸ್ಟಿರ್‌ನಲ್ಲಿ ಬೆಳ್ಳಗಿದ್ದು ಟಿ1ನಲ್ಲಿ ಕೊಬ್ಬು ಉಳಿದಿದ್ದರೆ ಬರೀ ಪ್ರತಿಕ್ರಿಯೆಯ ಊತ ಇರಬಹುದು. ಎಕ್ಸ್‌ರೇ ಮೂಳೆಯ ಸೋಂಕನ್ನು ತೋರಿಸಲು ಮೂಳೆಯ ಖನಿಜದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕರಗಬೇಕು, ಅದಕ್ಕೆ ಹತ್ತು-ಹದಿನಾಲ್ಕು ದಿನ ಹಿಡಿಯುತ್ತದೆ. ಮೊದಲ ದಿನದ ನಾರ್ಮಲ್ ಎಕ್ಸ್‌ರೇಯನ್ನು ಎರಡು ವಾರದ ನಂತರ ಮತ್ತೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ) ಬೇಕಾಗುವುದು ಕೀವಿನ ಗೂಡು ಅಥವಾ ಸತ್ತ ಅಂಗಾಂಶ ಗುರುತಿಸಲು, ಮೂಳೆ ಸೋಂಕು ಹೇಳಲು ಅಲ್ಲ. ಇವರಲ್ಲಿ ಅನೇಕರ ಕಿಡ್ನಿ ಸೋತಿರುತ್ತದೆ. ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಳತೆ) 30ಕ್ಕಿಂತ ಕಡಿಮೆಯಿದ್ದರೆ ಯಾವ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಎಂಬುದನ್ನು ಆರಿಸಿ ಕೊಡಬೇಕು, ಅನಿವಾರ್ಯವಾದರೆ ಮಾತ್ರ.

ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿದರೆ ಗೌಟ್, ಅಂದರೆ ಯೂರಿಕ್ ಆಸಿಡ್ ಹರಳು ಕೂತು ಬರುವ ಕೀಲಿನ ಬಾವು. ನೋವಿರುವಾಗ ಯೂರಿಕ್ ಆಸಿಡ್ ನಾರ್ಮಲ್ ಬಂದರೂ ಬಿಡಬೇಡಿ, ಅಲ್ಟ್ರಾಸೌಂಡಿನಲ್ಲಿ ಮೃದ್ವಸ್ಥಿಯ ಮೇಲ್ಮೈಗೆ ಹಚ್ಚಿದ ಹಾಗೆ ಎರಡನೇ ಬಿಳಿ ಗೆರೆ ಹುಡುಕಿ. ಶ್ರೀಶೈಲಕ್ಕೋ ಧರ್ಮಸ್ಥಳಕ್ಕೋ ಪಾದಯಾತ್ರೆ ಹೋಗಿ ಬಂದವರ ಪಾದದ ಮೇಲ್ಭಾಗ ಊದಿದ್ದರೆ ಎರಡನೇ ಅಥವಾ ಮೂರನೇ ಮೆಟಟಾರ್ಸಲ್ ಕೂದಲೆಳೆಯಷ್ಟು ಬಿರಿದಿರಬಹುದು. ಎಕ್ಸ್‌ರೇಯಲ್ಲಿ ಎರಡು-ಮೂರು ವಾರ ಕಾಣದು. ನೋವಿರುವ ಜಾಗದ ಮೇಲೇ ಪ್ರೋಬ್ ಇಟ್ಟರೆ ಮೂಳೆಯ ಹೊರಪೊರೆ ಎದ್ದು ಅದರಡಿ ತೆಳುವಾದ ಕಪ್ಪು ಪಟ್ಟಿ ಸಿಗುತ್ತದೆ. ಹಿಮ್ಮಡಿ ನೋವಿಗೆ ಅಂಗಾಲಿನ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟುವಲ್ಲಿ 4 ಮಿಮೀ ಮೀರಿ ದಪ್ಪವಾಗಿದೆಯೇ ಅಳೆಯಿರಿ.

ಕೊನೆಗೆ ಗಂಟುಗಳು, ತಕರಾರಿನ ಮೂಲ ಇರುವುದೇ ಇಲ್ಲಿ. ಪಾದದ ಮೇಲಿನ ಗಂಟು ಸಾಮಾನ್ಯವಾಗಿ ಗ್ಯಾಂಗ್ಲಿಯಾನ್, ಅಪಾಯವಿಲ್ಲದ ನೀರ್ಗುಳ್ಳೆ. ಸಾಮಾನ್ಯ ಎಂದೇ ಎಲ್ಲ ಗಂಟಿಗೂ ಆ ಹೆಸರು ಬಿದ್ದುಬಿಡುತ್ತದೆ. ಹದಿಹರೆಯದವರ, ಯುವಕರ ಪಾದದಲ್ಲಿ ಬರುವ ಸೈನೋವಿಯಲ್ ಸಾರ್ಕೋಮಾ ಎಂಬ ಕ್ಯಾನ್ಸರ್ ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯಬಲ್ಲದು. ಟಿ2 ಚಿತ್ರದಲ್ಲಿ ನೀರಿನಂತೆಯೇ ಹೊಳೆಯಬಲ್ಲದು. '5 ಸೆಂಮೀ ದಾಟಿದರೆ ಅನುಮಾನಿಸಿ' ಎಂಬ ನಿಯಮ ತೊಡೆಗೆ ಸರಿ, ಪಾದಕ್ಕಲ್ಲ. ಇಲ್ಲಿ ಜಾಗವೇ ಕಡಿಮೆ, 2 ಸೆಂಮೀ ಇರುವಾಗಲೇ ಕಣ್ಣಿಗೆ ಬೀಳುತ್ತದೆ.

ನೀರ್ಗುಳ್ಳೆ ಎನ್ನಲು ನನಗೆ ಇಷ್ಟಾದರೂ ಬೇಕು: ಅಲ್ಟ್ರಾಸೌಂಡಿನಲ್ಲಿ ಒಳಗೆ ಪೂರ್ತಿ ಕಪ್ಪು, ಹಿಂದುಗಡೆ ಬೆಳಕು ಹೆಚ್ಚು, ತೆಳು ಗೋಡೆ, ಕೀಲಿಗೋ ಟೆಂಡನ್ ಪೊರೆಗೋ ಹೋಗುವ ಸಣ್ಣ ಕತ್ತು, ಡಾಪ್ಲರಿನಲ್ಲಿ ಒಳಗೆ ಒಂದು ಚುಕ್ಕೆಯೂ ಇಲ್ಲ. ಡಾಪ್ಲರ್ ಸೆಟ್ಟಿಂಗ್ ಬದಲಿಸದೆ 'ಹರಿವಿಲ್ಲ' ಎಂದು ಬರೆಯಬೇಡಿ. ವೇಗದ ಸ್ಕೇಲ್ ಸೆಕೆಂಡಿಗೆ 2ರಿಂದ 4 ಸೆಂಮೀಗೆ ಇಳಿಸಿ, ವಾಲ್ ಫಿಲ್ಟರ್ (ನಿಧಾನದ ಹರಿವನ್ನು ಸೋಸಿಬಿಡುವ ಜರಡಿ) ಕೆಳಗಿಡಿ, ಗೇನ್ (ಸಂಕೇತ ಹಿಗ್ಗಿಸುವ ಮಟ್ಟ) ಏರಿಸುತ್ತಾ ಹೋಗಿ ಚುಕ್ಕೆಚುಕ್ಕೆ ಗದ್ದಲ ಬಂದ ಕೂಡಲೇ ಒಂದು ಹೆಜ್ಜೆ ಇಳಿಸಿ. ಪ್ರೋಬ್ ಒತ್ತಿದರೆ ಸಣ್ಣ ರಕ್ತನಾಳ ಮುಚ್ಚಿಕೊಳ್ಳುತ್ತದೆ, ಇಲ್ಲೂ ಹಗುರವಾದ ಕೈ ಬೇಕು. ಇದರಲ್ಲಿ ಒಂದೇ ಒಂದು ಹೊಂದದಿದ್ದರೂ ಕಾಂಟ್ರಾಸ್ಟ್ ಎಂಆರ್‌ಐ. ನಿಜವಾದ ನೀರ್ಗುಳ್ಳೆ ಅಂಚಿನಲ್ಲಷ್ಟೇ ಬೆಳಗುತ್ತದೆ. ಒಳಗೆ ಬೆಳಗಿದರೆ ಅದು ಗಡ್ಡೆ. ಎಂಆರ್‌ಐಯ ಎಲ್ಲ ಚಿತ್ರದಲ್ಲೂ ಕಪ್ಪಾಗಿ ಕಾಣುವ ಗಂಟು ಅಂಗಾಲಿನ ಪಟ್ಟಿಗೆ ಅಂಟಿದ್ದರೆ ಫೈಬ್ರೋಮಾ ಎಂಬ ನಾರಿನ ಗಂಟು, ಟೆಂಡನ್ನಿಗೆ ಅಂಟಿದ್ದರೆ ಟೆಂಡನ್ ಪೊರೆಯ ಜಯಂಟ್ ಸೆಲ್ ಗಡ್ಡೆ. ಎಕ್ಸ್‌ರೇಯಲ್ಲಿ ಗುಂಡಗಿನ ಸುಣ್ಣದ ಕಾಳುಗಳಿದ್ದರೆ ಹೀಮಾಂಜಿಯೋಮಾ, ಅಂದರೆ ರಕ್ತನಾಳದ ಗಂಟು.

ಸ್ಕ್ಯಾನ್ ಮಾಡುವವರಿಗೆ ಎರಡು ಮಾತು. ಗಂಟಿನ ಮೇಲೆಯೇ ಗುರುತಿನ ಕಾಡ್ ಲಿವರ್ ಎಣ್ಣೆಯ ಗುಳಿಗೆ ಅಂಟಿಸಬೇಡಿ, ಅದು ಒತ್ತಿ ಗಂಟು ಚಪ್ಪಟೆಯಾಗುತ್ತದೆ. ಮೇಲೊಂದು ಕೆಳಗೊಂದು ಇಡಿ. ಬೆರಳುಗಳ ಹತ್ತಿರ ಕೊಬ್ಬು ಅಳಿಸುವ ತಂತ್ರ ಕೈಕೊಡುವುದು ಮಾಮೂಲು, ಅಳಿಯದೆ ಉಳಿದ ಕೊಬ್ಬು ಬಾವಿನಂತೆಯೇ ಬೆಳ್ಳಗೆ ಕಾಣುತ್ತದೆ. ಅಲ್ಲಿ ಸ್ಟಿರ್ ಅಥವಾ ಡಿಕ್ಸನ್ ಎಂಬ, ಕೊಬ್ಬು ಅಳಿಸುವ ಬೇರೆ ವಿಧಾನ ಬಳಸಿ.

ಗಡ್ಡೆಯ ಅನುಮಾನವಿದ್ದಾಗ ಬಯಾಪ್ಸಿ ಸೂಜಿ ಎಲ್ಲಿಂದ ಹೋಗಬೇಕು ಎಂಬುದನ್ನು, ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಹೇಳಬೇಕು. ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆ ತೆಗೆಯಬೇಕಾಗುತ್ತದೆ. ತಪ್ಪು ಕಡೆಯಿಂದ ಚುಚ್ಚಿದರೆ ಉಳಿಸಬಹುದಾಗಿದ್ದ ಬೆರಳು ಹೋಗಬಹುದು. ಸಾರ್ಕೋಮಾ ನೋಡುವ ತಂಡ ಇರುವ ಕಡೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥಲ್ಲಿಗೆ, ಚುಚ್ಚುವ ಮೊದಲೇ ಕಳಿಸಿ. ಇನ್ನು ಸೋಂಕಿನ ಸಾಧ್ಯತೆ ಸ್ವಲ್ಪವಾದರೂ ಉಳಿದಿದ್ದರೆ ತೆಗೆದ ತುಣುಕನ್ನೆಲ್ಲ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಹಾಕಿಬಿಡಬೇಡಿ. ಫಾರ್ಮಲಿನ್‌ಗೆ ಬಿದ್ದ ತುಣುಕಿನಲ್ಲಿ ಏನೂ ಬೆಳೆಯುವುದಿಲ್ಲ. ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಸ್ಟೆರೈಲ್ ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ. ಚೀಟಿಯಲ್ಲಿ ಫಂಗಲ್ ಕಲ್ಚರ್, ನೊಕಾರ್ಡಿಯಾ, ಟಿಬಿ ಎಂದು ಬಿಡಿಸಿ ಬರೆಯಿರಿ. ಮಾಮೂಲಿ ಕಲ್ಚರ್ ಎಂದರೆ ಎರಡು-ಮೂರು ದಿನಕ್ಕೇ ತಟ್ಟೆ ಎಸೆಯುತ್ತಾರೆ, ಇವು ಬೆಳೆಯಲು ವಾರಗಳೇ ಬೇಕು.